ಚೀಟಿಯಲ್ಲಿಲ್ಲದ ಅಂಟು

ಅಮ್ಮನ ಬೆರಳುಗಳಿಗೆ ಕಳಿತು ಕಪ್ಪಾದ ಬಾಳೆಹಣ್ಣಿನ ವಾಸನೆ ಇತ್ತು. ಅದು ಹಣ್ಣಿನದಲ್ಲ, ಫಿಲಂ ಅಂಟಿಸುವ ದ್ರಾವಣದ್ದು. ಎಷ್ಟು ಸಲ ಸಾಬೂನು ಹಚ್ಚಿ ತೊಳೆದರೂ ಹೋಗುತ್ತಿರಲಿಲ್ಲ. ನನಗೆ ಜಡೆ ಹೆಣೆದಾಗ ಕೂದಲಿಗೂ ಬರುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ, "ದಿನಾ ಬಾಳೆಹಣ್ಣು ತಿಂದ್ಕೊಂಡೇ ಬರ್ತೀಯ, ನಂಗೊಂದು ತರಬಾರ್ದಾ?" ಎಂದು ಮುನಿಸಿಕೊಂಡು ಒಂದು ವಾರ ಮಾತು ಬಿಟ್ಟಿದ್ದಳು.

ಅಮ್ಮ ಸಿನಿಮಾ ಹಂಚಿಕೆದಾರರ ಉಗ್ರಾಣದಲ್ಲಿ ರೀಲು ತಪಾಸಣೆ ಮಾಡುತ್ತಿದ್ದಳು. ಚಿತ್ರಮಂದಿರಗಳಿಂದ ಹಿಂದಿರುಗಿದ ರೀಲನ್ನು ಕೈಯಲ್ಲೇ ಸುತ್ತುತ್ತಾ, ಎಡಗೈ ಹೆಬ್ಬೆರಳನ್ನು ಅಂಚಿಗೆ ಒತ್ತಿ, ಎಲ್ಲಿ ಹರಿದಿದೆ, ಎಲ್ಲಿ ಅಂಟಿಸಿದೆ ಎಂದು ಪತ್ತೆ ಮಾಡಬೇಕು. ಹರಿದಲ್ಲಿ ಅಂಟಿಸಬೇಕು. ಕೊನೆಗೆ ಡಬ್ಬಿಯೊಳಗಿನ ಚೀಟಿಯಲ್ಲಿ 'ಅಂಟು: ಇಷ್ಟು' ಎಂದು ಬರೆದು ಸಹಿ ಹಾಕಬೇಕು. ಚೀಟಿಯಲ್ಲಿಲ್ಲದ ಅಂಟು ಸಿಕ್ಕಿತೋ, ತಪಾಸಣೆಯವಳೇ ನಟಿಯ ಚಿತ್ರವಿರುವ ತುಂಡನ್ನು ಕದ್ದು ಯಾರಿಗೋ ಕೊಟ್ಟಳು ಎಂದೇ ಅರ್ಥ.

ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಅಮ್ಮನ ಗೆಳತಿಯನ್ನು ನಾನು ಚಿಕ್ಕಮ್ಮ ಎನ್ನುತ್ತಿದ್ದೆ. ಅವರು ನನ್ನನ್ನು ಗುಬ್ಬಿ ಎನ್ನುತ್ತಿದ್ದರು. ರಜೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿಲ್ಲದೆ ಅಮ್ಮ ಉಗ್ರಾಣಕ್ಕೆ ಕರೆತಂದಾಗ, ಚಿಕ್ಕಮ್ಮ ತಮ್ಮ ಕುರ್ಚಿಯ ಮೆತ್ತೆ ತೆಗೆದು ನನಗೆ ಹಾಕಿ, ತಾವು ಬರಿ ಮರದ ಮೇಲೆ ದಿನವಿಡೀ ಕೂತಿರುತ್ತಿದ್ದರು.

ನನಗೀಗ ಎಪ್ಪತ್ತೊಂದು. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತಳಾದವಳು. ನನ್ನ ವಯಸ್ಸಿನವರು ಹೂಗಿಡ ಬೆಳೆಸುತ್ತಾರೆ, ಸ್ವೆಟರ್ ಹೆಣೆಯುತ್ತಾರೆ. ನಾನು ಹಳೆಯ ಸಿನಿಮಾ ಕೂಡಿಹಾಕುತ್ತೇನೆ. ಎಲ್ಲೋ ಮೂಲೆಯಲ್ಲಿ ಕೊಳೆಯುತ್ತಿರುವ ಪ್ರತಿಯನ್ನು ಹುಡುಕಿ ತಂದು, ಒಂದೊಂದೇ ಫ್ರೇಮಿನ ಧೂಳು, ಗೀರು ಒರೆಸಿ, ಡಿಸ್ಕಿನಲ್ಲಿ ಹೊಸದಾಗಿ ಹೊರತರುವ ಪುಟ್ಟ ಸಂಸ್ಥೆಗಳಿವೆ. ಅವರ ಡಿಸ್ಕುಗಳು ನನ್ನ ಮನೆಯ ಎರಡು ಗೋಡೆ ತುಂಬಿವೆ. "ಅತ್ತೆ, ಈ ಮನೇಲಿ ಬಣ್ಣ ಅಂತ ಇರೋದು ಕಿಟಕಿ ಕರ್ಟನ್ನಿಗೆ ಮಾತ್ರ," ಎಂದು ಅಳಿಯ ನಗುತ್ತಾನೆ. ನಕ್ಕರೂ, ಹೋದ ವರ್ಷ ಕಪಾಟು ವಾಲಿದಾಗ ರಜೆ ಹಾಕಿ ಬಂದು ಸರಿಮಾಡಿಕೊಟ್ಟವನು ಅವನೇ.

ಆ ಕಪಾಟಿನ ಕೆಳಗಿನ ಖಾನೆಯಲ್ಲಿ, ಒಂದು ಲಕೋಟೆಯಲ್ಲಿ, ಹನ್ನೊಂದು ಫ್ರೇಮುಗಳ ಫಿಲಂ ತುಂಡೊಂದಿದೆ. ಅದನ್ನು ಯಾರಿಗೂ ತೋರಿಸಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗಿನ ಮಾತು. ಒಂದು ಮಧ್ಯಾಹ್ನ ಅಮ್ಮ, ಚಿಕ್ಕಮ್ಮ ಇಬ್ಬರೂ ಊಟಕ್ಕೆ ಹೋಗಿದ್ದರು. ಚಿಕ್ಕಮ್ಮನ ಮೇಜಿನ ಮೇಲೆ ತಪಾಸಣೆ ಮುಗಿದ ರೀಲೊಂದು ಇತ್ತು. 'ಅಂಟು: ನಾಲ್ಕು' ಎಂದು ಅವರು ಬರೆದಿಟ್ಟಿದ್ದ ಚೀಟಿಯ ಶಾಯಿ ಇನ್ನೂ ಹಸಿಯಾಗಿತ್ತು. ಆ ರೀಲಿನಲ್ಲಿ, ಕಿಟಕಿಯ ಹೊರಗೆ ನೋಡುತ್ತಿದ್ದ ಹೆಣ್ಣೊಬ್ಬಳು ಒದ್ದೆ ಕೂದಲು ಹಿಂದಕ್ಕೆ ಸರಿಸಿ ನಮ್ಮ ಕಡೆ ತಿರುಗುತ್ತಾಳೆ. ಆ ತಿರುಗುವಿಕೆ ನನಗೆ ಬೇಕಿತ್ತು. ಅಷ್ಟೇ. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ. ಹನ್ನೊಂದು ಫ್ರೇಮು ಕತ್ತರಿಸಿಕೊಂಡೆ. ಬೇಡದ ತುಂಡುಗಳ ಮೇಲೆ ಅಮ್ಮ ನನಗೆ ಎಷ್ಟೋ ಸಲ ಅಂಟಿಸಲು ಕಲಿಸಿದ್ದಳು. ಬ್ಲೇಡಿನಿಂದ ಅಂಚು ಕೆರೆದು, ದ್ರಾವಣ ಸವರಿ, ಒತ್ತುಪಟ್ಟಿ ಮುಚ್ಚಿ ಇಪ್ಪತ್ತು ಎಣಿಸಿದೆ. ಎತ್ತಿ ನೋಡಿದರೆ ಗುರುತೇ ಸಿಗದಷ್ಟು ಚೊಕ್ಕವಾಗಿತ್ತು. ಆ ಹೊತ್ತಿಗೆ ನನಗೆ ಹೆಮ್ಮೆಯಾಗಿತ್ತು ಎಂಬುದನ್ನೂ ಬರೆದುಬಿಡುತ್ತೇನೆ.

ಚಿತ್ರಮಂದಿರದವರು ಎಣಿಸಿದಾಗ ಅಂಟು ಐದಿತ್ತು. ಚಿಕ್ಕಮ್ಮನನ್ನು ಮೇಜಿನಿಂದ ಎಬ್ಬಿಸಿ, ಹಿತ್ತಲಲ್ಲಿ ಖಾಲಿ ಡಬ್ಬಿ ಉಜ್ಜುವ ಕೆಲಸಕ್ಕೆ ಹಾಕಿದರು. ಎರಡು ವರ್ಷ ಉಜ್ಜಿ, ಕೈ ಬಿರುಕು ಬಿಟ್ಟು, ಕೆಲಸ ಬಿಟ್ಟರು. ಅದರ ನಡುವೆಯೇ ಅಮ್ಮನೊಂದಿಗೆ ಮಾತು ನಿಲ್ಲಿಸಿದರು. ಅಮ್ಮ ಸಾಯುವ ವಾರದಲ್ಲಿ ಎರಡು ಸಲ ಬಾಗಿಲ ಕಡೆ ನೋಡಿ, "ಅವಳು ಬಂದಳಾ?" ಎಂದು ಕೇಳಿದಳು. ಯಾರು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಕಳೆದ ತಿಂಗಳು ಆ ಸಿನಿಮಾ ಡಿಸ್ಕಾಗಿ ಬಂತು. ಜಗತ್ತಿನಲ್ಲಿ ಉಳಿದಿರುವುದು ಒಂದೇ ಪ್ರತಿಯಂತೆ, ನಮ್ಮ ಉಗ್ರಾಣದ್ದೇ. ಗೀರೆಲ್ಲ ಹೋಗಿ, ಹೆಣ್ಣಿನ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾಗಿತ್ತು. ಅವಳು ಕಿಟಕಿಯ ಹೊರಗೆ ನೋಡುತ್ತಿರುತ್ತಾಳೆ, ಮರುಕ್ಷಣ ನಮ್ಮನ್ನು ನೋಡುತ್ತಿರುತ್ತಾಳೆ. ನಡುವೆ ತಿರುಗುವುದಿಲ್ಲ. ಜೊತೆಗಿದ್ದ ಕಿರುಪುಸ್ತಕದಲ್ಲಿ ವಿದ್ವಾಂಸರೊಬ್ಬರು ಆ ಜಿಗಿತದ ಮೇಲೆಯೇ ಮೂರು ಪುಟ ಬರೆದಿದ್ದರು. ಅದು ನಿರ್ದೇಶಕರ ದಿಟ್ಟತನವಂತೆ. ಕಾಲವನ್ನೇ ಕತ್ತರಿಸಿ ತೋರಿಸಿದ್ದಾರಂತೆ.

ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸಿನಿಮಾ ನೋಡಲು ಇಬ್ಬರು ಬರುತ್ತಾರೆ. ಒಬ್ಬರು ನಿವೃತ್ತ ಹಲ್ಲಿನ ಡಾಕ್ಟರು. ಬರುವಾಗಲೆಲ್ಲ ಡಿಸ್ಕು ಒರೆಸಲು ಮೆತ್ತನೆಯ ಬಟ್ಟೆ ತರುತ್ತಾರೆ. ಇನ್ನೊಬ್ಬಳು ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಆ ಜಾಗ ಬಂದೊಡನೆ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು.

"ಇದೆಂಥ ಕಲೆ ರೀ? ಯಾವನೋ ತುಂಡು ಹೊಡ್ಕೊಂಡು ಹೋಗಿದ್ದಾನೆ. ಅವನ ಬೆರಳು ಮುರೀಬೇಕು!"

"ನಿಮಗೆ ಕಂಡಿದ್ದೆಲ್ಲ ಹುಳುಕು ಹಲ್ಲೇ ಡಾಕ್ಟರೇ," ಎಂದಳು ಅವಳು. "ಪುಸ್ತಕ ಓದಿ. ಬೇಕು ಅಂತಲೇ ಮಾಡಿದ್ದು."

"ಟೀಚರಮ್ಮ, ನೀವು ಹೇಳಿ. ನಿಮ್ಮ ತಾಯಿ ಇದೇ ಕೆಲಸದಲ್ಲಿದ್ದವರಲ್ವಾ?"

ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಬಿಸ್ಕತ್ತಿನ ತಟ್ಟೆ ಇತ್ತು.

"ನಿರ್ದೇಶಕರೇ ಮಾಡಿರಬೇಕು," ಎಂದೆ.

ಒಂಬತ್ತು ವರ್ಷದ ಹುಡುಗಿ ಸುಳ್ಳು ಹೇಳಿರಲಿಲ್ಲ, ಅವಳನ್ನು ಯಾರೂ ಕೇಳಿರಲೇ ಇಲ್ಲ. ಎಪ್ಪತ್ತೊಂದರ ಹೆಂಗಸು ಕೇಳಿದವರ ಮುಖ ನೋಡಿಕೊಂಡು ಹೇಳಿದಳು. "ಟೀಚರಮ್ಮ ಹೇಳಿದ ಮೇಲೆ ಮುಗೀತು, ನಂದೇ ತಪ್ಪು," ಎಂದು ಡಾಕ್ಟರು ಸಣ್ಣ ಮುಖ ಮಾಡಿಕೊಂಡು ಕೂತರು. ಆ ಸಣ್ಣ ಮುಖವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಚಿಕ್ಕಮ್ಮ ಬದುಕಿದ್ದರು. ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ, ಟೈಲರ್ ಅಂಗಡಿಯ ಮೇಲಿನ ಮನೆ. ಆ ವಿಳಾಸ ನನಗೆ ನಲವತ್ತು ವರ್ಷದಿಂದ ಗೊತ್ತು. ನಲವತ್ತು ವರ್ಷದಿಂದ ಆ ಬೀದಿಯನ್ನು ತಪ್ಪಿಸಿ, ಸುತ್ತು ಬಳಸಿ ಅಂಚೆ ಕಚೇರಿಗೆ ಹೋಗುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಲಕೋಟೆ ಚೀಲಕ್ಕೆ ಹಾಕಿಕೊಂಡು ನೇರವಾಗಿ ನಡೆದೆ.

ಅವರ ಸೊಸೆ ಬಾಗಿಲು ತೆಗೆದಳು. ನಾನು ಏದುಸಿರು ಬಿಡುವುದನ್ನು ನೋಡಿ, ಯಾರೆಂದು ಕೇಳುವ ಮೊದಲು ಕೂರಿಸಿ ನೀರು ಕೊಟ್ಟಳು. ಚಿಕ್ಕಮ್ಮ ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದರು. ಎಂಬತ್ತೇಳು ವರ್ಷ. ಬೆನ್ನು ಬಾಗಿತ್ತು, ಕಣ್ಣು ಚುರುಕಾಗಿತ್ತು.

"ಚಿಕ್ಕಮ್ಮ, ನಾನು... ಗುಬ್ಬಿ."

ಅವರು ನನ್ನ ಬಿಳಿಕೂದಲಿನಿಂದ ಚಪ್ಪಲಿಯವರೆಗೆ ನೋಡಿದರು. "ಗುಬ್ಬಿ ಅಂತೆ! ಹದ್ದಿನ ಹಾಗೆ ಬೆಳೆದಿದ್ದೀಯ. ನಿಮ್ಮಮ್ಮ ಸತ್ತಾಗ ಹೇಳಿ ಕಳಿಸೋಕೆ ಆಗ್ಲಿಲ್ಲ, ಈಗೇನು ಬಂದದ್ದು?"

ಲಕೋಟೆ ತೆಗೆದು ಮೇಜಿನ ಮೇಲಿಟ್ಟೆ. "ಐದನೇ ಅಂಟು ನನ್ನದು ಚಿಕ್ಕಮ್ಮ. ನೀವಿಬ್ಬರೂ ಊಟಕ್ಕೆ ಹೋಗಿದ್ರಿ. ಕತ್ತರಿಸಿದ್ದೂ ನಾನೇ, ಅಂಟಿಸಿದ್ದೂ ನಾನೇ."

ಅವರು ತುಂಡನ್ನು ಬೆಳಕಿಗೆ ಹಿಡಿದರು. ಎಡಗೈ ಹೆಬ್ಬೆರಳು ತಾನಾಗಿಯೇ ಅಂಚಿನ ಮೇಲೆ ಓಡಿತು. ಒಂದು ಸಲ, ಮತ್ತೊಂದು ಸಲ. ಕೆಳಗಿನ ಅಂಗಡಿಯ ಹೊಲಿಗೆ ಯಂತ್ರ ನಿಂತು ನಿಂತು ಓಡುತ್ತಿತ್ತು.

"ಸುಳ್ಳು," ಎಂದರು. "ಆ ಅಂಟನ್ನ ನಾನೇ ನೋಡಿದ್ದೀನಿ. ಕೂದಲೆಳೆಯಷ್ಟೂ ಎದ್ದಿರಲಿಲ್ಲ. ಅಷ್ಟು ಚೊಕ್ಕ ಕೈ ಇಡೀ ಉಗ್ರಾಣದಲ್ಲಿ ನಿಮ್ಮಮ್ಮಂಗೆ ಮಾತ್ರ ಇತ್ತು."

"ಅಮ್ಮನೇ ಕಲಿಸಿದ್ದು."

ಚಿಕ್ಕಮ್ಮ ತುಂಡನ್ನು ಕೆಳಗಿಟ್ಟರು. ಆಮೇಲೆ ನನಗೆ ಹೇಳಿದರೋ ಕಿಟಕಿಗೆ ಹೇಳಿದರೋ ತಿಳಿಯದ ಹಾಗೆ ಹೇಳತೊಡಗಿದರು.

"ಮೇನೇಜರು ರೀಲು ವಾಪಸ್ ತರಿಸಿ ನಮ್ಮಿಬ್ಬರ ಮುಂದೆ ಇಟ್ಟ. ನಾನು ನೋಡ್ದೆ, ಇವಳ ಕೈಯೇ ಅಂತ ಗೊತ್ತಾಯ್ತು. ಬಾಯಿ ಬಿಡಲಿಲ್ಲ. ನಂಗಾಗ ಹಿಂದೆ ಮುಂದೆ ಯಾರೂ ಇರಲಿಲ್ಲ, ಅವಳಿಗೆ ನೀನಿದ್ದೆ. ಕೆಲಸ ಹೋದ್ರೆ ಮಗು ಕಟ್ಕೊಂಡು ಎಲ್ಲಿಗೆ ಹೋಗ್ತಾಳೆ? ಆಮೇಲೆ ಅವಳು ನೋಡಿದಳು. ದೀಪಕ್ಕೆ ಹಿಡಿದು ಹೆಬ್ಬೆರಳು ಆಡಿಸಿದಳು. ಮುಖ ಸುಣ್ಣದ ಹಾಗಾಯ್ತು. ಒಂದೇ ಒಂದು ಮಾತಾಡಲಿಲ್ಲ. ತಾನು ಕದ್ದು ನನ್ನನ್ನ ಸಿಕ್ಕಿಸಿ ಹಾಕಿದಳು, ಅದಕ್ಕೇ ಮಾತು ನಿಂತಿದೆ ಅಂದ್ಕೊಂಡೆ."

ನಾನು ನೀರಿನ ಲೋಟ ಕೆಳಗಿಟ್ಟೆ. ಆ ಸಂಜೆ ಅಮ್ಮ ಮನೆಗೆ ಬಂದವಳೇ ನಾನು ಅಭ್ಯಾಸ ಮಾಡುತ್ತಿದ್ದ ಫಿಲಂ ತುಂಡುಗಳನ್ನೆಲ್ಲ ಗುಡಿಸಿ ಎಸೆದಿದ್ದಳು. ಮತ್ತೆಂದೂ ನನ್ನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಲಿಲ್ಲ. ನಾನು ದೊಡ್ಡವಳಾದೆ, ಅದಕ್ಕೇ ಇರಬೇಕು ಎಂದು ತಿಳಿದಿದ್ದೆ. ಅಮ್ಮ ನೋಡಿದ್ದು ತನ್ನದೇ ಕೈಯ ಕೆಲಸದಂಥ ಕೆಲಸವನ್ನು. ತಾನು ಮಾಡಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಾಗೆ ಅಂಟಿಸಬಲ್ಲವರು ಇನ್ನೊಬ್ಬರು ಯಾರೆಂಬುದೂ ಗೊತ್ತಿತ್ತು.

"ಅಮ್ಮನಿಗೆ ಗೊತ್ತಿತ್ತು ಚಿಕ್ಕಮ್ಮ," ಎಂದೆ. "ನಾನೇ ಅಂತ ಗೊತ್ತಿತ್ತು. ನನ್ನನ್ನ ಒಂದು ಮಾತು ಕೇಳಲಿಲ್ಲ."

"ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ. ಹೇಳಿದ್ರೆ ಅವಳು ಮೇನೇಜರ ಹತ್ರ ಹೋಗಬೇಕಾಗ್ತಿತ್ತು." ಚಿಕ್ಕಮ್ಮ ತಲೆ ಅಲ್ಲಾಡಿಸಿದರು. "ನಿನ್ನೊಬ್ಬಳಿಗೋಸ್ಕರ ಎಷ್ಟು ಜನ ಬಾಯಿ ಮುಚ್ಕೊಂಡಿದ್ವಿ ನೋಡೇ. ನಾನು ಡಬ್ಬಿ ಉಜ್ಜಿದ್ದು ಅವಳಿಗೋಸ್ಕರ ಅಂದ್ಕೊಂಡಿದ್ದೆ. ಇಷ್ಟು ವರ್ಷ ಅವಳನ್ನ ಬೈದ್ಕೊಂಡೆ. ಒಳ್ಳೇವಳನ್ನಲ್ಲ, ಕಳ್ಳಿಯನ್ನ ಕಾಪಾಡಿದೆ ಅಂತ."

"ತಪ್ಪಾಯ್ತು ಚಿಕ್ಕಮ್ಮ."

"ಗೊತ್ತು ಬಿಡು ತಪ್ಪಾಗಿದ್ದು. ಅದನ್ನ ನೀನು ಹೇಳಬೇಕಾ?" ಎಂದು ಗದರಿದರು. "ಅತ್ತು ನನ್ನ ಮೇಜು ಒದ್ದೆ ಮಾಡಬೇಡ. ಈ ತುಂಡು ಏನ್ ಮಾಡ್ತೀಯ?"

ಡಿಸ್ಕು ತಂದ ಸಂಸ್ಥೆಗೆ ಕಳಿಸಬಹುದು, ಅವರು ಮತ್ತೆ ಜೋಡಿಸಬಹುದು ಎಂದೆ. ವಿದ್ವಾಂಸರ ಮೂರು ಪುಟದ ವಿಷಯ, ಡಾಕ್ಟರು ಕೇಳಿದ್ದು, ನಾನು ಹೇಳಿದ ಉತ್ತರ, ಎಲ್ಲವನ್ನೂ ಹೇಳಿದೆ. ಮೂರು ಪುಟ ಎಂದಾಗ ಅವರ ತುಟಿ ಸ್ವಲ್ಪ ಅಲುಗಿತು, ನಗುವಲ್ಲದಿದ್ದರೂ ಅದರ ಹತ್ತಿರದ್ದು.

"ಇಲ್ಲೇ ಕೂತು ಪತ್ರ ಬರಿ. ಮನೆಗೆ ಹೋದ್ರೆ ಮತ್ತೆ ಅರವತ್ತು ವರ್ಷ ಮಾಡ್ತೀಯ, ನಾನು ಕಾಯೋಕಾಗಲ್ಲ."

ಸೊಸೆ ಹಾಳೆ, ಪೆನ್ನು ತಂದಿಟ್ಟು, ಕಿಟಕಿಯ ಬಿಸಿಲು ನನ್ನ ಕಣ್ಣಿಗೆ ಬೀಳದ ಹಾಗೆ ಪರದೆ ಅರ್ಧ ಎಳೆದು ಹೋದಳು. ಸಾವಿರಾರು ಉತ್ತರ ಪತ್ರಿಕೆ ತಿದ್ದಿದ ಕೈ, ನಾಲ್ಕು ಸಾಲು ಬರೆಯಲು ಮೂರು ಹಾಳೆ ಹರಿಯಿತು.

"'ಅಂಟು ನಾಲ್ಕು ಅಂತ ಬರೆದ ಚೀಟಿ ಸರಿಯಾಗಿತ್ತು,' ಅಂತ ಬರಿ. ನನ್ನ ಪೂರ್ತಿ ಹೆಸರು ಹಾಕು. ಸಹಿ ಹಾಕಿದ್ದು ನಾನು."

ಹಾಕಿದೆ. "ಅಮ್ಮನ ಹೆಸರು?"

"ಅವಳದ್ಯಾಕೆ? ಅವಳೇನು ಕದ್ದಿದ್ದಾಳೆ?" ಎಂದು ಸಿಡುಕಿದರು. ಆಮೇಲೆ ಮೆಲ್ಲಗೆ, "ಕೈ ಚೊಕ್ಕ ಇತ್ತು ಅಂತ ಬೇಕಾದ್ರೆ ಒಂದು ಮಾತು ಸೇರಿಸು."

ಅದನ್ನೂ ಸೇರಿಸಿದೆ.

"ಆ ಹಲ್ಲಿನ ಡಾಕ್ಟರಿಗೂ ಹೇಳು."

"ಹೇಳ್ತೀನಿ. ಬೆರಳು ಮುರೀಬೇಕು ಅಂದಿದ್ರು ಅವರು."

"ಮುರೀಲಿ ಬಿಡು. ಪತ್ರ ಬರೆದಾಯ್ತಲ್ಲ."

ಹಾಳೆ ಮಡಚಿ, ಫಿಲಂ ತುಂಡಿನೊಂದಿಗೆ ಲಕೋಟೆಗೆ ಹಾಕಿದೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಅವರ ಕೈ ಮೇಜಿನ ಮೇಲಿತ್ತು. ಬೆರಳುಗಳ ಗೆಣ್ಣಿನಲ್ಲಿ ಹಳೆಯ ಬಿರುಕುಗಳ ಬಿಳಿ ಗೆರೆಗಳಿದ್ದವು.

ಒಂದು ಗಂಟೆಯಾಗಿತ್ತು. ಸೊಸೆ ಅವರ ಊಟದ ತಟ್ಟೆ ತಂದು ಮುಂದಿಟ್ಟು, ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದಳು. ತಟ್ಟೆಯಿಂದ ಹಬೆ ಏಳುತ್ತಿತ್ತು. ಊಟದ ಹೊತ್ತಿನಲ್ಲಿ ಕೂತಿರಬಾರದೆಂದು ನಾನು ಚೀಲ ಹೆಗಲಿಗೇರಿಸಿ ಎದ್ದೆ.

ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೇಜಿನ ಮೇಲಿಂದ ನನ್ನ ಕೈಗೆ ಕೊಟ್ಟರು.