ಎರಡನೆಯ ಆರ್ಗನ್

ಕೆಟ್ಟಿರುವುದು ನಾನೇ ಏನು? ಸಭೆಯವರೆಲ್ಲ ಹಾಗೆಂದರು, ನಾನೂ ನಂಬಿದೆ. ಆದರೆ ಕೆಟ್ಟದ್ದು ಎಲ್ಲಿ ಎಂದು ಎಷ್ಟು ತಡಕಿದರೂ ನನಗೆ ತಿಳಿಯುತ್ತಿರಲಿಲ್ಲ.

ನಾನು ಬೆಟಗೇರಿಯ ಕ್ರೈಸ್ತ ದೇವಾಲಯದ ಕೊಳವೆ ಆರ್ಗನ್, ಲೆಕ್ಕಕ್ಕೆ ಎರಡನೆಯವನು. ಮೊದಲನೆಯದು ಹಡಗಿನಲ್ಲಿ ಬಂದು ಚಕ್ಕಡಿಯಲ್ಲಿ ಊರು ಸೇರಿತ್ತಂತೆ. ಅದರ ಮರವನ್ನು ಗೆದ್ದಲು ತಿಂದಿತು, ತವರದ ಕೊಳವೆಗಳು ಉಳಿದವು. ಅವಕ್ಕೆ ಊರ ಬಡಿಗರು ತೇಗದ ಮೈ ಕಟ್ಟಿದರು. ಅದೇ ನನ್ನ ಹುಟ್ಟು. ಹಾಡುವುದು ನಾನೋ, ಸತ್ತುಹೋದ ಅಣ್ಣನೋ ಎಂಬ ಗೊಂದಲ ಅಂದಿನಿಂದಲೂ ಇದೆ.

ಮೊದಲು ಒಬ್ಬ ದೊರೆಸಾನಿ ಬೂಟುಗಾಲಲ್ಲಿ ಒದೆಯುತ್ತ ನುಡಿಸಿದಳು. ಆಮೇಲೆ ಬಂದ ಉಪದೇಶಿಯೊಬ್ಬರು ಎಲ್ಲ ಕೀರ್ತನೆಗಳನ್ನೂ ಒಂದೇ ಓಟದಲ್ಲಿ ಮುಗಿಸುತ್ತಿದ್ದರು. ಕೊನೆಗೆ ಬಂದವರು ಕರುಣಾಬಾಯಿ. ಆಕೆ ಚಪ್ಪಲಿ ಬಿಟ್ಟು ಕೂರುತ್ತಿದ್ದರು. ಗಂಡ ನಹೂಮ ಮಾಸ್ತರು ಮುಂದಿನ ಬೆಂಚಿನಲ್ಲಿ ಕಣ್ಣುಮುಚ್ಚಿ ಕೇಳುತ್ತಿದ್ದರು.

ಒಂದು ಭಾನುವಾರ ಕೊನೆಯ ಕೀರ್ತನೆ ಮುಗಿದರೂ ನನ್ನದೊಂದು ಸ್ವರ ನಿಲ್ಲಲಿಲ್ಲ. ಒಳಗೆ ಕೊಳವೆಗೆ ಗಾಳಿ ಬಿಡುವ ಕವಾಟ ಸಿಕ್ಕಿಕೊಂಡಿತ್ತು. ನಾನು ಕೂಗುತ್ತಲೇ ಇದ್ದೆ. ಕರುಣಾಬಾಯಿ ಮುಚ್ಚಳ ಹಾಕಿ, ಸೆರಗು ಸರಿಮಾಡಿಕೊಂಡು, ನಗುತ್ತ ಇಳಿದರು.

“ಏನ್ ಬಾಯಾರ, ನೀವು ಇಳದ ಬಂದ್ರೂ ನಿಮ್ಮ ಪೆಟ್ಟಗಿ ಇನ್ನಾ ಹಾಡಾಕತ್ತೈತಲ್ರಿ!” ಎಂದರು ಸಭೆಯ ಹಿರಿಯರಾದ ತೀತಪ್ಪ.

“ಎಲ್ಲಾ ದೇವರ ದಯಾರಿ,” ಎಂದರು ಆಕೆ.

ಜನ ಗೊಳ್ಳೆಂದು ನಕ್ಕರು. ಮಾಸ್ತರು ನಗಲಿಲ್ಲ. ಬಂದು ನನ್ನ ಗಾಳಿ ನಿಲ್ಲಿಸಿ, ಹಿಂದಿನಿಂದ “ಕರುಣಾ” ಎಂದು ಕರೆದರು. ಆಕೆ ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದರು. ಆಕೆ ನಡೆದುಹೋದರು.

ಮರುವಾರ ನನ್ನೆದುರೇ ಸಭೆ ಸೇರಿತು.

“ಚೆನ್ನೈದಿಂದ ಮಿಸ್ತ್ರಿನ್ನ ಕರಸೂಣ್ರಿ,” ಎಂದರು ತೀತಪ್ಪ. “ಬಾಯಾರ್ನ ಕುಂಡ್ರಿಸಿ, ಒಂದೊಂದ ಸ್ವರಾ ಕೇಳಿಸಿ ನೋಡ್ಲಿ.”

ಮಾಸ್ತರ ಮುಖ ಸುಣ್ಣವಾಯಿತು. “ಬ್ಯಾಡ್ರಿ! ಅಕೀನ್ನ ಯಾಕ ಕುಂಡ್ರಸ್ತೀರಿ? ಪೆಟ್ಟಗೀನ ಕೆಟ್ಟೈತಿ. ಬುಡದಿಂದ ಕೆಟ್ಟೈತಿ. ತಗದಬಿಡ್ರಿ.”

ಅಷ್ಟು ಅಕ್ಕರೆಯಿಂದ ಕೇಳಿದವರ ಬಾಯಲ್ಲಿ ಈ ಮಾತೇಕೆ? ಅಣ್ಣನ ಕೊಳವೆಗಳಲ್ಲಿ ತಪ್ಪು ಹುಡುಕಿದೆ, ನನ್ನ ತೇಗದಲ್ಲಿ ಹುಡುಕಿದೆ. ಆ ಒಂದು ಕವಾಟದ ಹೊರತು ಏನೂ ಸಿಗಲಿಲ್ಲ.

ಕೀಬೋರ್ಡ್ ಬಂತು. “ಹೊಸಾದು ನನ್ನ ಕೈಗೆ ಒಗ್ಗೂದಿಲ್ರಿ,” ಎಂದು ಕರುಣಾಬಾಯಿ ಹಿಂದೆ ಸರಿದರು. ಅವರಿಗೆ ಶಾಲು ಹೊದಿಸಿದರು, ನನಗೆ ಗೋಣಿಚೀಲ. ಗಂಟೆಗೋಪುರದ ಕೆಳಗಿನ ಕೋಣೆಯಲ್ಲಿ ಮುದುಕನಾಗುತ್ತಿದ್ದೇನೆ. ಮಾತಾಡಲು ಉಸಿರು ಬೇಕು, ನನಗೆ ಈಗ ಉಸಿರಿಲ್ಲ. ಉಸಿರಿದ್ದವರು ಸುಮ್ಮನಿರುವುದೇಕೆ ಎಂಬುದು ಇಂದಿಗೂ ನನಗೆ ಅರ್ಥವಾಗದು.

ಹೋದ ಈಸ್ಟರಿಗೆ ಇಬ್ಬರೂ ಬಂದಿದ್ದರು. ಕರುಣಾಬಾಯಿ ಗೋಣಿ ಸರಿಸಿ ನನ್ನ ಮೈಮೇಲಿನ ಧೂಳು ಸವರಿದರು.

“ಪಾಪ, ಇದರ ದನಿ ವರ್ಷದಿಂದ ವರ್ಷಕ್ಕ ಸಣ್ಣ ಆಕ್ಕೋತನ ಬಂದಿತ್ತು ನೋಡ್ರಿ.”

ಮಾಸ್ತರು ಆಕೆಗೆ ಕಾಣುವಂತೆ ತಲೆಯಾಡಿಸಿದರು.

ಕುಂದುತ್ತ ಬಂದದ್ದು ನನ್ನ ದನಿಯಲ್ಲ, ಆಕೆಯ ಕಿವಿ. ಅದನ್ನು ಮಾಸ್ತರು ಆಕೆಗೆ ಎಂದೂ ಹೇಳಲಿಲ್ಲ.