ಬಾಗಿಲಿನ ಸದ್ದು

ಕಾರು ಚಿಕ್ಕದು, ಬೆಲೆ ದೊಡ್ಡದು. ಹಾಗಾಗಿ ಬಾಗಿಲು ಹಾಕಿದರೆ ಡಬ್ಬಿ ಮುಚ್ಚಿದಂತೆ ‘ಟಣ್’ ಎನ್ನಬಾರದು, ದೊಡ್ಡ ಕಾರಿನ ಹಾಗೆ ‘ಧಪ್’ ಎನ್ನಬೇಕು. ಅಂಚಿನ ರಬ್ಬರನ್ನು ದಪ್ಪ ಮಾಡಿ ಮಾಡಿ, ಬಾಗಿಲಿನ ಎಂಜಿನಿಯರು ಆ ಸದ್ದನ್ನು ಕೊನೆಗೂ ಬರಿಸಿದ್ದ. ನಾಳೆ ಕಂಪನಿಯ ದೊಡ್ಡವರು ಬಂದು ಬಾಗಿಲು ಹಾಕಿ ನೋಡುವವರಿದ್ದರು. ಅವರು ಒಪ್ಪದಿದ್ದರೆ ಈ ಕೆಲಸ ಬೇರೆಯವರ ಪಾಲಾಗುತ್ತಿತ್ತು.

ಮನೆಯವರೂ ಕೂತು ನೋಡಲಿ ಎಂದು ಮೇಲಧಿಕಾರಿ ಒಂದು ಸಂಜೆಯ ಮಟ್ಟಿಗೆ ಕಾರು ಕೊಟ್ಟಿದ್ದರು. ಹೆಂಡತಿ ನಿದ್ದೆಹೋದ ಮಗುವನ್ನು ಹೆಗಲಿಗೆ ಒರಗಿಸಿಕೊಂಡು ಹಿಂದೆ ಕೂತಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

“ನೋಡಿ, ಸದ್ದೇ ಇಲ್ಲ. ಇಷ್ಟು ದಿನ ಸದ್ದು ಕೇಳ್ಬೇಕು ಅಂತ ಮನೆ ಬಾಗಿಲೆಲ್ಲಾ ಬಡಿದು ಬಡಿದು ನಮ್ಮ ನಿದ್ದೆ ಕೆಡಿಸಿದ್ದು ಯಾಕೋ.”

ಅವನು ನಗಲಿಲ್ಲ. ಅವನ ಮುಂದೆ, ಬಾಗಿಲು ಪೂರ್ತಿ ಮುಚ್ಚಿಲ್ಲವೆಂದು ತೋರಿಸುವ ಕೆಂಪು ದೀಪ ಹಾಗೇ ಉರಿಯುತ್ತಿತ್ತು. ದಪ್ಪ ರಬ್ಬರು ಬಾಗಿಲನ್ನು ಹಿಂದಕ್ಕೆ ನೂಕುತ್ತಿತ್ತು.

“ಸ್ವಲ್ಪ ಜೋರಾಗಿ ಎಳಿ.”

“ಎಳೆದ್ರೆ ಇವಳು ಏಳ್ತಾಳೆ. ಆಮೇಲೆ ನೀವೇ ಮಲಗಿಸ್ಬೇಕು.”

ಅವನು ಇಳಿದು ಬಂದು ಹೊರಗಿನಿಂದ ಮೆಲ್ಲಗೆ ಒತ್ತಿ ನೋಡಿದ. ಬಾಗಿಲು ಕೂರಲಿಲ್ಲ. ಪರೀಕ್ಷೆಯಲ್ಲಿ ಎಲ್ಲರೂ ಸದ್ದು ಕೇಳಲೆಂದೇ ಬಾಗಿಲನ್ನು ಬೀಸಿ ಹಾಕಿದ್ದರು. ದೊಡ್ಡವರೂ ನಾಳೆ ಬೀಸಿಯೇ ಹಾಕುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಫೋನ್ ತೆಗೆದು ಮೇಲಧಿಕಾರಿಗೆ ಮಾಡಿದ.

“ಸರ್, ನಾಳೆ ಬಾಗಿಲು ತೋರಿಸೋದು ಬೇಡ.”

“ಯಾಕ್ರೀ, ಮತ್ತೆ ಟಣ್ ಅಂತಾ?”

“ಇಲ್ಲ ಸರ್. ಧಪ್ ಅಂತ ಚೆನ್ನಾಗೇ ಅನ್ನತ್ತೆ. ಅದೇ ತೊಂದರೆ. ಆ ದಪ್ಪ ರಬ್ಬರಿಂದ, ಮೆಲ್ಲಗೆ ಎಳೆದ್ರೆ ಬಾಗಿಲು ಕೂರಲ್ಲ.”

ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಕಾದ. ಒಳಗೆ ಹೆಂಡತಿ ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಬಾಗಿಲನ್ನೂ ಹಿಡಿದುಕೊಂಡು ಕೂತಿದ್ದಳು.