ಹೆಸ್ಟರ್ ಬಚ್ಚಿಟ್ಟ ಧ್ವನಿಮುದ್ರಣ

ಇಂಗ್ಲೆಂಡಿನ ರೋಚ್‌ಡೇಲ್‌ನ ಹೆಸ್ಟರ್ ಹದಿನೈದು ವರ್ಷ ನರ್ಸ್ ಆಗಿದ್ದವಳು. ಈಗ ಮಾತಿನ ಮೂಲಕ ಮನಸ್ಸಿಗೆ ಕೊಡುವ ಚಿಕಿತ್ಸೆ ಕಲಿಯಲು ಸ್ನಾತಕೋತ್ತರ ತರಬೇತಿಗೆ ಸೇರಿದ್ದಳು. ಭಯದಲ್ಲಿ ಸಿಕ್ಕಿಕೊಂಡವರಿಗೆ ತಮ್ಮ ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ನೆರವಾಗುವ ಚಿಕಿತ್ಸೆ ಅದು.

"ಮಾತಾಡೋಕೂ ಡಿಗ್ರಿ ಬೇಕೇನೇ? ಒಂದು ಕಪ್ ಟೀ ಕೊಟ್ರೆ ಪಕ್ಕದ್ಮನೆಯವಳು ಪುಕ್ಕಟೆ ಕೇಳ್ತಾಳೆ" ಎಂದು ತಾಯಿ ಎನಿಡ್ ಹಂಗಿಸುತ್ತಿದ್ದಳು.

"ಕೇಳಿ ಬೀದಿಗೆಲ್ಲ ಹೇಳ್ತಾಳಲ್ಲಮ್ಮ!"

ತರಬೇತಿಯ ಭಾಗವಾಗಿ ಅವಳು ರೋಗಿಗಳನ್ನು ನೋಡುತ್ತಿದ್ದ ಚಿಕಿತ್ಸಾಲಯಕ್ಕೆ ಒಮ್ಮೆ ಒಬ್ಬ ಪೋಸ್ಟ್‌ಮನ್ ಬಂದ. "ನಡೀತಾ ನಡೀತಾ ಎದೆ ಹೊಡ್ಕೊಳ್ಳುತ್ತೆ, ಸತ್ತೇಹೋಗ್ತೀನಿ ಅನ್ಸುತ್ತೆ. ಹೆಂಡ್ತಿಗೂ ಹೇಳಿಲ್ಲ" ಎಂದು ಬಿಕ್ಕಿಬಿಕ್ಕಿ ಅತ್ತ. ಹೆಸ್ಟರ್ ಗಾಬರಿಯಾದಳು. "ಸರಿ, ಈಗ ಈ ಪ್ರಶ್ನೆಗಳ ಹಾಳೆ ತುಂಬೋಣ" ಎಂದುಬಿಟ್ಟಳು. ಅವನು ಕಣ್ಣೊರೆಸಿಕೊಂಡು ತುಂಬಿದ. ಮುಂದಿನ ವಾರ ಬರಲಿಲ್ಲ.

ರೋಗಿಯ ಒಪ್ಪಿಗೆ ಪಡೆದು ಮಾತುಕತೆ ಧ್ವನಿಮುದ್ರಿಸಿ, ಮಾರ್ಗದರ್ಶಕಿ ಬೆರಿಲ್‌ಗೆ ಕೇಳಿಸಬೇಕಿತ್ತು. ಹೆಸ್ಟರ್ ಪೋಸ್ಟ್‌ಮನ್‌ನ ಧ್ವನಿಮುದ್ರಣವನ್ನು ಬಚ್ಚಿಟ್ಟು, ಚೆನ್ನಾಗಿದ್ದ ಬೇರೊಂದನ್ನು ಕೇಳಿಸಿ ಶಹಬ್ಬಾಸ್ ಎನಿಸಿಕೊಂಡಳು. ಅಂದು ರಾತ್ರಿ ಊಟಕ್ಕೆ ಕೂತಾಗ ತಾಯಿಗೆ ಹೇಳಿದಳು:

"ಒಬ್ರು ನನ್ನೆದುರು ಅತ್ರಮ್ಮ. ನಾನು ಬಾಯಿ ಮುಚ್ಚಿಸ್ದೆ. ಯಾರು ಅಂತ ಕೇಳ್ಬೇಡ."

"ಹೋಗ್ಲಿ ಬಿಡು. ಬಾಯಿಬಿಟ್ರೆ ಮರ್ಯಾದೆ ಹೋಗುತ್ತೆ."

ಆದರೂ ಮರುದಿನ ಬಚ್ಚಿಟ್ಟಿದ್ದ ಧ್ವನಿಮುದ್ರಣವನ್ನು ಬೆರಿಲ್‌ಗೆ ಕೇಳಿಸಿದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಆಗ ನಿನ್ನ ಮನಸ್ಸಿಗೆ ಏನು ಬಂತು?" ಎಂದು ಬೆರಿಲ್ ಕೇಳಿದಳು.

"ನನ್ನ ಕೈಲಿ ಇದಾಗಲ್ಲ, ಇವರಿಗೆ ಗೊತ್ತಾಗಿಬಿಡುತ್ತೆ ಅಂತ."

"ಅವರು ಹೆಂಡ್ತಿ ಹತ್ರ ಮುಚ್ಚಿಟ್ಟಿದ್ದೂ ಅದಕ್ಕೇ ಅಲ್ವಾ? ಬಚ್ಚಿಟ್ಟಿದ್ದು ತಪ್ಪು, ಹೆಸ್ಟರ್. ತಿದ್ದೋಕೆ ತಾನೇ ನಾನಿರೋದು? ಅವರಿಗೆ ಫೋನ್ ಮಾಡು."

ಮಾಡಿದಳು. "ಅವತ್ತು ನಿಮ್ಮ ಮಾತು ನಾನು ಕೇಳಿಸ್ಕೊಳ್ಳಲಿಲ್ಲ. ತಪ್ಪಾಯ್ತು."

ಆ ಕಡೆಯಿಂದ ಪೋಸ್ಟ್‌ಮನ್ ಹೇಳಿದ: "ಗುರುವಾರ ಬರ್ತೀನಿ."

ಸಂಜೆ ವಿಷಯ ತಿಳಿದು ಎನಿಡ್ ಆಲೂಗಡ್ಡೆ ಹೆರೆಯುವುದನ್ನು ನಿಲ್ಲಿಸಿದಳು. "ಕಲಿಸೋರ ಮುಂದೇನೇ ಒಪ್ಕೊಂಡ್ಯಾ?" ಎಂದಳು. ಆಮೇಲೆ ಚಾಕು ಕೆಳಗಿಟ್ಟು ಹೇಳಿದಳು: "ಆರು ತಿಂಗಳಿಂದ ನಾನು ಬಸ್ ಹತ್ತಿಲ್ಲ ಕಣೇ. ಮಂಡಿನೋವು ಅಂದಿದ್ದು ಸುಳ್ಳು. ಜನ ಕಂಡ್ರೆ ಕೈಕಾಲು ನಡುಗುತ್ತೆ. ಮಗಳ ಹತ್ರ ಹೇಳ್ಕೊಳ್ಳೋಕೆ ನಾಚಿಕೆ. ನಿನ್ನ ಹಾಗೆ ಕಲಿತೋರು ಬೇರೆ ಯಾರಾದ್ರೂ ಇದ್ದಾರಾ?"

ಊರವರ ಭಯ ಬಿಡಿಸಲು ಹೊರಟ ಹೆಸ್ಟರ್‌ಗೆ ಒಂದೇ ಸೂರಿನಡಿಯ ಭಯ ಕಂಡಿರಲಿಲ್ಲ. ತರಬೇತಿ ಪಡೆದ ಬೇರೊಬ್ಬ ಚಿಕಿತ್ಸಕರ ನಂಬರ್ ಬರೆದುಕೊಟ್ಟಳು. ಎನಿಡ್ ತಾನೇ ಫೋನ್ ಮಾಡಿ ಹೆಸರು ಬರೆಸಿದಳು.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರೋ ಹೀಗೆ ನೆಪ ಹೇಳುತ್ತಿರಬಹುದು. ಪಕ್ಕದಲ್ಲಿ ಕೂತು ಕೇಳಿ. ತರಬೇತಿ ಪಡೆದವರ ಬಳಿ ಕರೆದೊಯ್ಯಿರಿ. "ಎಲ್ಲಿ ಕಲಿತಿರಿ? ನಿಮ್ಮ ಕೆಲಸ ಸರಿಯಿದೆಯಾ ಅಂತ ಯಾರು ನೋಡ್ತಾರೆ?" ಎಂದು ಧೈರ್ಯವಾಗಿ ಕೇಳಿ. ಸರಿಯಾಗಿ ಕಲಿತವರು ಬೇಸರಪಡುವುದಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಿಜ. ನಾಚಿಕೊಂಡೇ ಹೇಳಿ.